ಮಳೆ ನಿಂತ ಮೇಲೆ ಎಂಟಿಬಿ (ಮೌಂಟನ್ ಬೈಕ್) ಎಲ್ಲಿ ಓಡಿಸಬಹುದು? ಎರೆ (ಕಪ್ಪು ಮಣ್ಣು), ಗರಸು (ಸಣ್ಣ ಕಲ್ಲಿನ ಮಣ್ಣು), ಉಸುಕು: ನಿಮ್ಮ ಕಡೆ ಹೇಗಿದೆ ಹೇಳಿ

ಗುಮ್ಮಟದೂರಿನ ಸವಾರ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಉತ್ತರಿ ಮಳೆ ನಮ್ಮ ಕಡೆ ಜೋರಾಗಿ ಹೊಡೆದಿದೆ. ಬಾದಾಮಿ, ಬೆಳಗಾವಿ ಕಡೆಯೂ ಆಗಿದೆ ಅಂತ ಕೇಳಿದೆ. ಭಾನುವಾರ ಮೂರೂ ಜಿಲ್ಲೆಯವರು ಸೇರಿ ಒಂದು ರೈಡ್ ಮಾಡೋಣ ಅಂತ ಮಾತಾಗಿತ್ತಲ್ಲ, ಈಗ ದಾರಿ ಯಾವುದು ಅನ್ನೋದು ನಿರ್ಧಾರ ಆಗಬೇಕು.

ಮೂರು ಯೋಚನೆ ಇವೆ. ವಿಜಯಪುರದಿಂದ ಡೋಣಿ ನದಿ ಸಾಲಿನ ಚಕ್ಕಡಿ ದಾರಿ. ಇಲ್ಲಾಂದ್ರೆ ಬಾದಾಮಿ ಹೊರವಲಯದ ಉಸುಕಿನ ದಾರಿ. ಅದೂ ಬೇಡ ಅಂದರೆ ಬೆಳಗಾವಿ ಕಡೆ ಯಳ್ಳೂರು, ರಾಜಹಂಸಗಡದ ಸುತ್ತ.

ನಮ್ಮ ಗುಂಪಿನಲ್ಲಿ ಕೆಲವರು ಮಳೆ ನಿಂತು ಒಂದು ದಿನ ಬಿಟ್ಟರೆ ಸಾಕು ಅಂತಾರೆ. ಕೆಲವರು ವಾರ ಬಿಡಿ ಅಂತಾರೆ. ಯೂಟ್ಯೂಬ್‌ನಲ್ಲಿ ಹೇಳುವುದೆಲ್ಲ ಬೇರೆ ದೇಶದ ಕಾಡಿನ ಟ್ರೇಲ್‌ಗೆ. ನಮ್ಮ ನೆಲಕ್ಕೆ ಅದು ಹೊಂದುತ್ತದಾ? ತಿಳಿದವರು ಬಿಡಿಸಿ ಹೇಳಿ. ಹೊಸಬರು ತುಂಬಾ ಜನ ಇದ್ದಾರೆ, ಅವರಿಗೂ ಉಪಯೋಗ ಆಗುತ್ತದೆ.

ಎರೆ ಹೊಲದವ (ಡೋಣಿ ಸಾಲು)

ತಮ್ಮಾ, ಡೋಣಿ ಸಾಲನ್ನು ಈ ಭಾನುವಾರಕ್ಕೆ ಮರೆತುಬಿಡು. ಒಂದು ದಿನ ಅಲ್ಲ, ನಾಲ್ಕು ದಿನ ಬಿಸಿಲು ಬಿದ್ದರೂ ನನಗೆ ನಂಬಿಕೆ ಇಲ್ಲ.

ನಮ್ಮದು ಆಳದ ಎರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಹಿರಿಯರು ಹೇಳಿದ್ದು ಇದೇ ನೆಲಕ್ಕೆ. ಹಿಂಗಾರಿ ಬಿಳಿಜೋಳಕ್ಕೆ ಈ ಮಣ್ಣು ಯಾಕೆ ಬಂಗಾರ ಅಂದರೆ, ಈಗ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ಪೈರಿಗೆ ಚಳಿಗಾಲ ಪೂರ್ತಿ ಕುಡಿಸುತ್ತದೆ. ಆ ಗುಣವೇ ನಿಮ್ಮ ಗಾಲಿಗೆ ಶತ್ರು. ನೀರು ಬಿಟ್ಟುಕೊಡದ ಮಣ್ಣು ಎರಡು ದಿನದಲ್ಲಿ ಆರುತ್ತದೆ ಅಂದರೆ ಹೇಗೆ?

ಮೇಲೆ ನೋಡಿದರೆ ಬಿಸಿಲಿಗೆ ಬೆಳ್ಳಗೆ ಆರಿದ ಹಾಗೆ ಕಾಣುತ್ತದೆ. ಹೆಬ್ಬೆರಳಿಂದ ಒತ್ತಿ ನೋಡಿ. ಮೇಲಿನ ಪದರ ಒಡೆದು ಬೆರಳು ಕೆಳಗಿನ ಹಸಿಗೆ ಇಳಿಯುತ್ತದೆ. ಅಲ್ಲಿ ಗಾಲಿ ಹೋದರೆ ಮೇಲಿನ ಪದರವೇ ಕಿತ್ತು ಟೈರಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಮಾರು ಹೋಗುವುದರೊಳಗೆ ಗಾಲಿ ತಿರುಗುವುದಿಲ್ಲ. ಚಪ್ಪಲಿ ಹಾಕಿಕೊಂಡು ನಡೆದವರಿಗೆ ಗೊತ್ತು, ಹೆಜ್ಜೆಗೊಂದು ಪದರ ಸೇರಿ ಕಾಲೇ ಎತ್ತಲಾಗದಷ್ಟು ಭಾರ ಆಗುತ್ತದೆ.

ಮಣ್ಣು ಓದಿದವಳು (ವಿಜಯಪುರ)

ಅಣ್ಣನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾಲೇಜಿನಲ್ಲಿ ಮಣ್ಣು ವಿಜ್ಞಾನ ಓದಿದ್ದೇನೆ, ಈಗ ಸೈಕಲ್ ಕೂಡ ಓಡಿಸುತ್ತೇನೆ. ಹಾಗಾಗಿ ಕಾರಣ ಸ್ವಲ್ಪ ಹೇಳುತ್ತೇನೆ.

ನಮ್ಮ ಕಡೆಯ ಕೆಳಗಿನ ಬಂಡೆ ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಕಪ್ಪುಕಲ್ಲು. ಅದು ಸವೆದು ಆದದ್ದು ಈ ಎರೆ. ಇದರಲ್ಲಿ ಜೇಡಿ ಅಂಶ ಸಾಮಾನ್ಯವಾಗಿ 40ರಿಂದ 60 ಶೇಕಡಾ, ಕೆಲವು ಕಡೆ ಇನ್ನೂ ಜಾಸ್ತಿ. ಜೇಡಿ ಕಣ ಅಂದರೆ 0.002 ಮಿಲಿಮೀಟರಿಗಿಂತ ಸಣ್ಣದು. ಅದರಲ್ಲೂ ಇಲ್ಲಿರುವುದು ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಅದರ ರಚನೆ. ನೀರು ಆ ಪದರಗಳ ನಡುವೆಯೇ ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋದಾಗ ಕುಗ್ಗಿ ಬಿರುಕು ಬಿಡುತ್ತದೆ.

ಬೇಸಿಗೆಯ ಬಿರುಕಿನಲ್ಲಿ ಮೊದಲ ಅಡ್ಡಮಳೆ ಸರ್ರನೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಮುಚ್ಚಿದ ಮೇಲೆ ನೀರು ಇಂಗುವ ವೇಗ ಗಂಟೆಗೆ ಕೆಲವೇ ಮಿಲಿಮೀಟರಿಗೆ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ನಾವು ಇರುವುದು ಈ ಸ್ಥಿತಿಯಲ್ಲೇ. ವಿಜಯಪುರಕ್ಕೆ ಅತಿ ಹೆಚ್ಚು ಮಳೆ ಬರುವ ತಿಂಗಳೂ ಇದೇ.

ಇನ್ನೊಂದು ವಿಷಯ ಹೊಸಬರು ಗಮನಿಸಬೇಕು. ಎರೆ ಅತಿ ಹೆಚ್ಚು ಅಂಟುವುದು ಪೂರ್ತಿ ನೀರಾಗಿದ್ದಾಗ ಅಲ್ಲ. ಮಳೆ ಸುರಿಯುವಾಗ ಅದು ಜಾರುತ್ತದೆ, ನೀರು ತೊಳೆದುಕೊಂಡೂ ಹೋಗುತ್ತದೆ. ಮಳೆ ನಿಂತು ಅರ್ಧ ಆರಿದಾಗಲೇ ಅಂಟು ಅತಿ ಜಾಸ್ತಿ. ಅಂದರೆ "ಒಂದು ದಿನ ಬಿಟ್ಟು ಹೋಗೋಣ" ಅನ್ನುವವರು ಸರಿಯಾಗಿ ಕೆಟ್ಟ ಹೊತ್ತಿಗೇ ಹೋಗಿ ನಿಲ್ಲುತ್ತಾರೆ.

ಗಾಲಿ ಗ್ಯಾರೇಜ್ (ಜಮಖಂಡಿ)

ಸೈಕಲ್ ರಿಪೇರಿ ಮಾಡುವವನ ಕಡೆಯಿಂದ ಎರಡು ಮಾತು. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ಎಂಟಿಬಿಗಳಲ್ಲಿ ಹೆಚ್ಚಿನವಕ್ಕೆ ಒಂದೇ ರೋಗ. ಹಿಂದಿನ ಡಿರೈಲರ್ (ಗೇರ್ ಬದಲಿಸುವ ಭಾಗ) ಕಿತ್ತು ಸ್ಪೋಕಿನೊಳಗೆ ಹೋಗಿರುತ್ತದೆ. ಎರೆ ಮಣ್ಣಿನ ಜೊತೆ ಜೋಳದ ದಂಟು, ಹುಲ್ಲು ಸೇರಿ ಗಟ್ಟಿ ಉಂಡೆ ಆಗುತ್ತದೆ. ಅದು ಚೈನಿನ ಜೊತೆ ಬಂದು ಡಿರೈಲರ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸವಾರ ಇನ್ನಷ್ಟು ಜೋರಾಗಿ ತುಳಿಯುತ್ತಾನೆ. ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಗಾಲಿ ಬಿಗಿ ಆಯಿತು ಅಂದ ಕೂಡಲೇ ತುಳಿಯುವುದು ನಿಲ್ಲಿಸಿ, ಇಳಿಯಿರಿ, ಕಡ್ಡಿ ತಗೊಂಡು ಕೆರೆಯಿರಿ. ಅಲ್ಲೇ ಕೆರೆಯಬೇಕು. ಒಣಗಿದರೆ ಅದು ಕಲ್ಲಿನ ಹಾಗೆ ಗಟ್ಟಿ.

ಮನೆಗೆ ಬಂದು ವಾಷಿಂಗ್ ಸೆಂಟರಿನ ಪ್ರೆಶರ್ ಪೈಪು ಹಿಡಿಯಬೇಡಿ. ಆ ಒತ್ತಡಕ್ಕೆ ಗಾಲಿಯ ಹಬ್, ಪೆಡಲ್ ಅಚ್ಚಿನ ಬಾಟಮ್ ಬ್ರಾಕೆಟ್, ಹ್ಯಾಂಡಲ್ ತಿರುಗುವ ಹೆಡ್‌ಸೆಟ್ ಒಳಗಿನ ಗ್ರೀಸ್ ಹೋಗಿ ನೀರು, ಮಣ್ಣು ಸೇರುತ್ತವೆ. ಬಕೆಟ್ ನೀರು, ಬ್ರಷ್, ಆಮೇಲೆ ಒಣಬಟ್ಟೆ, ಚೈನಿಗೆ ಎಣ್ಣೆ. ಅಷ್ಟೇ ಸಾಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯಲ್ಲಿ ಮಳೆ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ. ಕಾಲುವೆ ಪಕ್ಕದ ದಾರಿ ಮಳೆ ಇಲ್ಲದೆಯೂ ಹಸಿ ಇರುತ್ತದೆ. ಸವಳು-ಜವಳು (ಉಪ್ಪು ಏರಿ, ನೀರು ನಿಂತು ಕೆಟ್ಟ) ಆದ ಭೂಮಿ ಬೇಕಾದಷ್ಟಿದೆ. ಮೇಲೆ ಬಿಳಿ ಉಪ್ಪು ಕಂಡರೆ ನೆಲ ಆರಿದೆ ಅಂತ ತಿಳಿಯಬೇಡಿ.

ಮಣ್ಣು ಓದಿದವಳು (ವಿಜಯಪುರ)

ಸವಳಿನ ಬಗ್ಗೆ ಒಳ್ಳೆಯ ಮಾತು ಎತ್ತಿದಿರಿ. ಸೋಡಿಯಂ ಜಾಸ್ತಿ ಆದ ಮಣ್ಣಿನಲ್ಲಿ ಜೇಡಿ ಕಣಗಳು ಒಂದಕ್ಕೊಂದು ಕೂಡಿ ಹರಳಾಗುವುದಿಲ್ಲ, ಬಿಡಿಬಿಡಿಯಾಗಿ ನೀರಿನಲ್ಲಿ ಕದಡುತ್ತವೆ. ಸಣ್ಣ ರಂಧ್ರಗಳೆಲ್ಲ ಮುಚ್ಚುತ್ತವೆ. ನೀರು ಕೆಳಗೂ ಹೋಗಲ್ಲ, ಮೇಲೆ ಗಾಜಿನ ಮೇಲಿನ ಎಣ್ಣೆ ತರಹ ಜಾರು.

ಮೇಣಬಸದಿ ರೈಡರ್ (ಬಾದಾಮಿ)

ಎಲ್ಲರೂ ಎರೆಯ ಬಗ್ಗೆಯೇ ಹೇಳಿದಿರಿ. ನಮ್ಮ ಊರಿಗೆ ಬನ್ನಿ, ಮಳೆ ಮರುದಿನವೇ ದಾರಿ ಚೆನ್ನಾಗಿರುತ್ತದೆ. ಇನ್ನೂ ಹೇಳಬೇಕೆಂದರೆ ಮಳೆ ಬಂದರೇ ಚೆನ್ನ.

ಬಾದಾಮಿ ಸುತ್ತ ಇರುವುದು ಕೆಂಪು ಮರಳುಗಲ್ಲು. ಅದು ಸವೆದು ಆದ ಮಣ್ಣಿನಲ್ಲಿ ಉಸುಕೇ ಜಾಸ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ಬಂದವರಿಗೆ ಗೊತ್ತು, ಒಣ ಉಸುಕಿನಲ್ಲಿ ಮುಂದಿನ ಗಾಲಿ ಹೂತು ಹ್ಯಾಂಡಲ್ ತಾನೇ ತಿರುಗಿ ಬಿಡುತ್ತದೆ. ಅದೇ ಉಸುಕು ಹದವಾಗಿ ನೆನೆದರೆ ಗಟ್ಟಿ. ಕಣಗಳ ನಡುವಿನ ತೆಳು ನೀರು ಅವನ್ನು ಹಿಡಿದು ಕೂರಿಸುತ್ತದೆ. ಟೈರಿನ ಗುಬ್ಬಿ (ಮೇಲೆದ್ದ ರಬ್ಬರ್ ಉಬ್ಬು) ಅಚ್ಚೊತ್ತಿದ ಹಾಗೆ ಮೂಡುತ್ತದೆ, ತಿರುವಿನಲ್ಲಿ ಎಷ್ಟು ವಾಲಿಸಿದರೂ ಹಿಡಿಯುತ್ತದೆ. ಈ ಹದ ಎರಡು ಮೂರು ದಿನ ಅಷ್ಟೇ, ಬಿಸಿಲು ಏರಿದರೆ ಮತ್ತೆ ಸಡಿಲ.

ಆದರೆ ಬಂಡೆಯ ಮೇಲೆ ಹುಷಾರಿರಬೇಕು. ಒಣಗಿದಾಗ ಮರಳುಗಲ್ಲು ಟೈರನ್ನು ಬಿಡುವುದೇ ಇಲ್ಲ. ನೆನೆದ ಮೇಲೆ ನೆರಳಿನ ಕಡೆ, ನೀರು ಹರಿದ ಕಡೆ ಪಾಚಿ ಕಟ್ಟಿರುತ್ತದೆ. ಕಪ್ಪು ಪಟ್ಟೆ ಕಂಡರೆ ಅದರ ಮೇಲೆ ಬ್ರೇಕ್ ಹಾಕಬೇಡಿ. ಇನ್ನೊಂದು, ಮರಳುಗಲ್ಲು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಇಲ್ಲಿ ಬಂಡೆ ಹತ್ತಲು ಬರುವವರು ಮಳೆ ಆದ ಮೇಲೆ ಕಲ್ಲು ಆರುವವರೆಗೂ ಕಾಯುವುದು ಅದಕ್ಕೇ. ತುದಿಯ ತೆಳು ಅಂಚುಗಳ ಮೇಲೆ ನಾವೂ ಸೈಕಲ್ ಇಳಿಸಬಾರದು, ಅಂಚು ಮುರಿಯುತ್ತದೆ.

ಹಳ್ಳದ ವಿಚಾರ ಇದಕ್ಕಿಂತ ಮುಖ್ಯ. ಬರೀ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಕೂಡಲೇ ಹರಿಯುತ್ತದೆ. ಅಗಸ್ತ್ಯ ತೀರ್ಥದ ಮೇಲಿನ ಅಕ್ಕ-ತಂಗಿ ಜಲಪಾತ ನೋಡಿದ್ದೀರಲ್ಲ, ಜೋರು ಮಳೆ ಬಿದ್ದಾಗ ಎಷ್ಟು ಬೇಗ ಧುಮುಕುತ್ತದೆ. ಬೆಟ್ಟದ ಕೆಳಗಿನ ಕೊರಕಲುಗಳೂ ಹಾಗೆಯೇ ತುಂಬುತ್ತವೆ. ಮೇಲೆ ಮೋಡ ಕಪ್ಪಾಗಿದ್ದರೆ, ಹಳ್ಳದ ನೀರು ಕೆಂಪಾಗಿ ಕಸಕಡ್ಡಿ ತರುತ್ತಿದ್ದರೆ ದಾಟಬೇಡಿ. ಸಣ್ಣ ಹಳ್ಳ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಕಾಯಿರಿ.

ಗುಹೆ, ಗುಡಿ, ಕೋಟೆಯ ಸಂರಕ್ಷಿತ ಜಾಗಕ್ಕೆ ಸೈಕಲ್ ತರಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹೊರಗೆ ಬೇಕಾದಷ್ಟು ದಾರಿ ಇದೆ.

ಹೊಸ ಪೆಡಲ್ (ಬಾಗಲಕೋಟೆ)

ಬಾಗಲಕೋಟೆ ಜಿಲ್ಲೆ ಪೂರ್ತಿ ಒಂದೇ ಮಣ್ಣು ಅಂದುಕೊಂಡಿದ್ದೆ. ಇಳಕಲ್ ಕಡೆ ಹೇಗಿರುತ್ತದೆ ಸರ್? ಇನ್ನೊಂದು ಪ್ರಶ್ನೆ, ಎರೆಗೆ ಅಗಲ ಟೈರ್ ಹಾಕಿ ಗಾಳಿ ಕಡಿಮೆ ಮಾಡಿದರೆ ಆಗಲ್ವಾ?

ಗಾಲಿ ಗ್ಯಾರೇಜ್ (ಜಮಖಂಡಿ)

ಟೈರಿಗೆ ನಾನು ಹೇಳುತ್ತೇನೆ. ಅಗಲ ಟೈರ್ ಎರೆಗೆ ಇನ್ನೂ ಕೆಟ್ಟದ್ದು. ಫೋರ್ಕಿಗೂ ಟೈರಿಗೂ ನಡುವೆ ಜಾಗ ಕಡಿಮೆ ಆಗಿ ಮಣ್ಣು ಬೇಗ ತುಂಬುತ್ತದೆ. ರಾಡಿಗೆ ಬೇಕಿರುವುದು ಸ್ವಲ್ಪ ಕಿರಿದಾದ, ಎತ್ತರದ ಗುಬ್ಬಿಗಳು ದೂರ ದೂರ ಇರುವ ಟೈರ್. ಗುಬ್ಬಿಗಳ ನಡುವೆ ಜಾಗ ಇದ್ದರೆ ಮಣ್ಣು ಸಿಡಿದು ಹೋಗುತ್ತದೆ. ಗಾಳಿ ಕಡಿಮೆ ಮಾಡುವುದು ಒದ್ದೆ ಕಲ್ಲು, ಬೇರುಗಳ ಮೇಲೆ ಉಪಯೋಗ. ಆದರೆ ಆಳದ ಎರೆಗೆ ಹಸಿ ಇರುವಾಗ ಯಾವ ಟೈರೂ ಔಷಧ ಅಲ್ಲ. ದುಡ್ಡು ಹಾಕಬೇಡ ತಮ್ಮಾ.

ಮಣ್ಣು ಓದಿದವಳು (ವಿಜಯಪುರ)

ಇಳಕಲ್, ಹುನಗುಂದ ಭಾಗದಲ್ಲಿ ಗ್ರಾನೈಟ್ ಇದೆ, ಇಳಕಲ್‌ನ ಕೆಂಪು ಗ್ರಾನೈಟ್ ಹೆಸರುವಾಸಿ. ಗ್ರಾನೈಟ್ ಸವೆದ ಕಡೆ ಕೆಂಪು ಮಸಾರಿ ಮಣ್ಣು ಸಿಗುತ್ತದೆ. ಉಸುಕು, ಜೇಡಿ ಎರಡೂ ಬೆರೆತಿರುವುದರಿಂದ ನೀರು ಬೇಗ ಬಸಿಯುತ್ತದೆ. ಸಾಧಾರಣ ಮಳೆ ಆದರೆ ಒಂದು ಒಳ್ಳೆಯ ಬಿಸಿಲು ಸಾಕು. ಆದರೆ ಹುನಗುಂದ ಕಡೆ ಎರೆಯೂ ಇದೆ. ಅದಕ್ಕೇ ತಾಲ್ಲೂಕಿನ ಹೆಸರು ಹಿಡಿದು ನಿರ್ಧಾರ ಮಾಡಬಾರದು, ಕಾಲಡಿಯ ಮಣ್ಣು ನೋಡಬೇಕು.

ಒಂದೇ ಊರಿನಲ್ಲೂ ಬೇರೆ ಬೇರೆ. ವಿಜಯಪುರದ ಸುತ್ತಲೇ ನೋಡಿ. ಮೇಲಿನ ಮಡ್ಡಿಯಲ್ಲಿ (ಎತ್ತರದ ಬರಡು ದಿಬ್ಬದಲ್ಲಿ) ಮಣ್ಣು ಗೇಣುದ್ದವೂ ಇರುವುದಿಲ್ಲ, ಕೆಳಗೆ ಗರಸು. ಸಾವಿರಾರು ವರ್ಷಗಳ ಮಳೆ ಅಲ್ಲಿಯ ಸಣ್ಣ ಕಣವನ್ನೆಲ್ಲ ತೊಳೆದು ತಗ್ಗಿಗೆ ತಂದು ಹಾಕಿದೆ. ಹಾಗಾಗಿ ತಗ್ಗಿನಲ್ಲಿ ಆಳುದ್ದ ಎರೆ. ಬಿದ್ದ ಮಳೆ ಒಂದೇ, ನಡುವಿನ ದೂರ ಒಂದು ಕಿಲೋಮೀಟರ್. ಮೇಲೆ ಮರುದಿನ ಬೆಳಿಗ್ಗೆ ಓಡಿಸಬಹುದು, ಕೆಳಗೆ ವಾರ ಬೇಕು. ವಿಜಯಪುರದವರು ಮಳೆಗಾಲದಲ್ಲಿ ಮನೆಯಲ್ಲೇ ಕೂರಬೇಕಿಲ್ಲ, ಮಡ್ಡಿ ಹಿಡಿಯಿರಿ. ಗುಡುಗು ಇದ್ದರೆ ಮಾತ್ರ ಬೇಡ, ಬಯಲು ಮಡ್ಡಿಯಲ್ಲಿ ಸಿಡಿಲಿಗೆ ಮರೆಯೇ ಇಲ್ಲ.

ಪರೀಕ್ಷೆ ಮಾಡುವ ಬಗೆ ಹೇಳುತ್ತೇನೆ. ಒಂದು ಹಿಡಿ ಹಸಿ ಮಣ್ಣು ತಗೊಂಡು ಹೆಬ್ಬೆರಳು, ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುತ್ತಾ ಹೋಗಿ. ಪಟ್ಟಿ ಎರಡು ಇಂಚು ಮೀರಿ ಮುರಿಯದೆ ಬಂದರೆ ಜೇಡಿ ಜಾಸ್ತಿ, ಮನೆಗೆ ಹೋಗಿ. ಒಂದು ಇಂಚಿಗೇ ಮುರಿದರೆ ಪರವಾಗಿಲ್ಲ. ಪಟ್ಟಿಯೇ ಆಗದೆ ಪುಡಿಯಾದರೆ ಉಸುಕು, ನಡೆಯಿರಿ. ಆಮೇಲೆ ದಾರಿಯಲ್ಲಿ ಹಿಮ್ಮಡಿ ಊರಿ ನಿಲ್ಲಿ. ಗುರುತು ಮೂಡಿ ಅದರಲ್ಲಿ ನೀರು ಜಿನುಗಿದರೆ ಆ ದಾರಿ ಇನ್ನೂ ತಯಾರಿಲ್ಲ.

ಕಾಡಂಚಿನ ಚೈನು (ಖಾನಾಪುರ)

ಬೆಳಗಾವಿ ಕಡೆಯ ಮಾತು ಯಾರೂ ಆಡಿಲ್ಲ, ನಾನು ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಒಂದೇ ಉತ್ತರ ಕೊಡಲು ಆಗುವುದೇ ಇಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಅಥಣಿ ಕಡೆ 600ರ ಆಸುಪಾಸು. ಅಥಣಿ, ರಾಯಬಾಗ, ಬೈಲಹೊಂಗಲದ ಎರೆಗೆ ಮೇಲೆ ಅಣ್ಣನವರು ಹೇಳಿದ್ದೇ ನಿಯಮ. ನಾನು ಹೇಳುವುದು ಬೆಳಗಾವಿ ನಗರದಿಂದ ಪಶ್ಚಿಮಕ್ಕೆ, ಜಂಬಿಟ್ಟಿಗೆ ಇರುವ ಜಾಗ.

ಜಂಬಿಟ್ಟಿಗೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದು ಬಾಕಿಯೆಲ್ಲ ಮಳೆಗೆ ತೊಳೆದು ಹೋಗಿರುತ್ತದೆ. ಮೈತುಂಬ ತೂತು. ನೀರು ನಿಲ್ಲುವುದಿಲ್ಲ. ಮೇಲೆ ಕಡಲೆ ಕಾಳಿನ ಗಾತ್ರದ ಗರಸು. ಬೇಸಿಗೆಯಲ್ಲಿ ಈ ಗರಸು ಗಟ್ಟಿ ನೆಲದ ಮೇಲೆ ಉರುಳುತ್ತದೆ, ತಿರುವಿನಲ್ಲಿ ಸೈಕಲ್ ಜಾರುತ್ತದೆ. ಮಳೆ ಬಿದ್ದರೆ ಕೂರುತ್ತದೆ. ಮಳೆ ನಿಂತು ಕೆಲವೇ ಗಂಟೆಗೆ ಓಡಿಸಿದರೂ ದಾರಿಗೆ ಪೆಟ್ಟಿಲ್ಲ.

ಆದರೆ ಗುಡ್ಡದ ಬುಡ ನೋಡಿ. ಮೇಲೆ ಒಣಗಿ ನಾಲ್ಕು ದಿನ ಆಗಿದ್ದರೂ ಬುಡದಲ್ಲಿ ದಾರಿ ಹಸಿ ಇರುತ್ತದೆ. ಜಂಬಿಟ್ಟಿಗೆಯೊಳಗೆ ಇಳಿದ ನೀರು ಕೆಳಗಿನ ಜೇಡಿ ಪದರ ಮುಟ್ಟುತ್ತದೆ. ಅಲ್ಲಿಂದ ಕೆಳಗೆ ಹೋಗಲು ಆಗದೆ ಅಡ್ಡಕ್ಕೆ ಹರಿದು ಬುಡದಲ್ಲಿ ಜಿನುಗುತ್ತದೆ. ಹುಲ್ಲು ಒಂದು ಪಟ್ಟೆಯಲ್ಲಿ ಮಾತ್ರ ಕಡು ಹಸಿರಾಗಿದ್ದರೆ ಅದೇ ಜಾಗ. ಯಳ್ಳೂರಿನ ಗದ್ದೆ ಬಯಲಂತೂ ಬೇರೆಯೇ, ಅದು ಭತ್ತದ ಕರಿಮಣ್ಣು. ಬಳ್ಳಾರಿ ನಾಲಾ ಉಕ್ಕಿದರೆ ಅಲ್ಲಿ ನೀರು ನಿಂತೇ ಇರುತ್ತದೆ. ರಾಜಹಂಸಗಡಕ್ಕೆ ಗದ್ದೆ ಮೇಲಿಂದ ಬೇಡ, ಡಾಂಬರು ರಸ್ತೆಯಲ್ಲೇ ಬುಡಕ್ಕೆ ಬನ್ನಿ.

ಖಾನಾಪುರದ ಕಾಡೊಳಗಿನ ದಾರಿ ಈಗ ಬೇಡ. ಅಲ್ಲಿ ಮಣ್ಣು ಒಳ್ಳೆಯದೇ, ಆದರೆ ಬಿಸಿಲು ನೆಲ ಮುಟ್ಟುವುದಿಲ್ಲ, ಗಾಳಿ ಆಡುವುದಿಲ್ಲ. ಎಲೆ ಕೊಳೆತು ಬೇರಿನ ಮೇಲೆ ಕೂತಿರುತ್ತದೆ. ಇಂಬಳ (ಜಿಗಣೆ) ಬೇರೆ. ಭೀಮಗಡ ವನ್ಯಧಾಮದ ಒಳಗೆ ಅನುಮತಿ ಇಲ್ಲದೆ ಯಾವ ಕಾಲದಲ್ಲೂ ಹೋಗಬೇಡಿ.

ಗುಮ್ಮಟದೂರಿನ ಸವಾರ (ವಿಜಯಪುರ)

ಇಳಿಜಾರಿನ ಬಗ್ಗೆ ಸ್ವಲ್ಪ ಹೇಳಿ ಅಣ್ಣಾ. ಒಂದೇ ಗುಡ್ಡದಲ್ಲಿ ಒಂದು ದಾರಿ ಕೊರೆದು ಹೋಗಿರುತ್ತದೆ, ಪಕ್ಕದ್ದು ಚೆನ್ನಾಗಿರುತ್ತದೆ. ಮಣ್ಣು ಒಂದೇ ಅಲ್ವಾ?

ಕಾಡಂಚಿನ ಚೈನು (ಖಾನಾಪುರ)

ಮಣ್ಣು ಒಂದೇ, ನೀರು ಹೋಗುವ ದಿಕ್ಕು ಬೇರೆ. ಗುಡ್ಡದ ನೆತ್ತಿಯಿಂದ ನೆಟ್ಟಗೆ ಕೆಳಗೆ ಬಿದ್ದ ದಾರಿ ಮಳೆಗಾಲದಲ್ಲಿ ಹಳ್ಳ ಆಗಿಯೇ ಆಗುತ್ತದೆ. ಲೆಕ್ಕ ಹಾಕಿ. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ದಾರಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2000 ಲೀಟರ್ ನೀರು. ಅದೂ ದಾರಿಯ ಮೇಲೆ ಬಿದ್ದದ್ದು ಮಾತ್ರ, ಅಕ್ಕಪಕ್ಕದಿಂದ ಬರುವುದು ಬೇರೆ. ಅಷ್ಟೂ ನೀರು ದಾರಿಯಲ್ಲೇ ಇಳಿದರೆ ಗರಸನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ.

ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಅಂತ 1988ರಲ್ಲಿ ಶುರುವಾದ ಸಂಸ್ಥೆ ಇದೆ. ಅವರು ಹೇಳುವ ಅರ್ಧದ ನಿಯಮ ನನಗೆ ತುಂಬಾ ಇಷ್ಟ. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಜಾಸ್ತಿ ಇರಬಾರದು. ಗುಡ್ಡ 16 ಶೇಕಡಾ ಇಳಿದರೆ ದಾರಿ 8ರೊಳಗೆ. ಆಗ ಮೇಲಿಂದ ಬಂದ ನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುತ್ತದೆ, ದಾರಿ ಹಿಡಿದು ಓಡುವುದಿಲ್ಲ. ದಾರಿಯನ್ನು ಹೊರಗಡೆಗೆ 5 ಶೇಕಡಾದಷ್ಟು ವಾಲಿಸಿರಬೇಕು ಅಂತಲೂ ಹೇಳುತ್ತಾರೆ. ದನಕರು ಗುಡ್ಡ ಬಳಸಿಕೊಂಡು ಮಾಡಿದ ಹಳೆಯ ದಾರಿಗಳು ಬಹುತೇಕ ಹೀಗೇ ಇರುತ್ತವೆ, ಅದಕ್ಕೇ ಅವು ಉಳಿದಿವೆ. ಬೈಕಿನವರು ನೆಟ್ಟಗೆ ಹತ್ತಿಸಿ ಮಾಡಿದವು ಎರಡು ಮಳೆಗಾಲಕ್ಕೆ ಹಾಳು.

ಪೂರ್ತಿ ಸಪಾಟು ದಾರಿಯೂ ಒಳ್ಳೆಯದಲ್ಲ. ನೀರಿಗೆ ಹೋಗಲು ದಿಕ್ಕೇ ಇರುವುದಿಲ್ಲ.

ಇನ್ನು ನಿಂತ ನೀರು ಕಂಡರೆ ಪಕ್ಕಕ್ಕೆ ಸರಿಯಬೇಡಿ. ಗರಸಿನ ದಾರಿಯಲ್ಲಿ ತಳ ಗಟ್ಟಿ ಇದ್ದರೆ ನಡುವೆಯೇ ಹೋಗಿ. ಪಕ್ಕದ ಹುಲ್ಲು ತುಳಿಯುತ್ತಾ ಹೋದರೆ ಒಂದು ಗೇಣಿನ ದಾರಿ ಬಂಡಿ ದಾರಿಯಷ್ಟು ಅಗಲ ಆಗುತ್ತದೆ. ಬ್ರೇಕ್ ಹಿಡಿದು ಹಿಂದಿನ ಗಾಲಿ ಎಳೆಯುವುದು ಅದಕ್ಕಿಂತ ಕೆಟ್ಟದ್ದು. ಆ ಗೀರಿನಲ್ಲೇ ಮುಂದಿನ ಮಳೆ ದಾರಿ ಮಾಡಿಕೊಳ್ಳುತ್ತದೆ.

ಗೇರ್ ಏಳು (ವಿಜಯಪುರ)

ಇಷ್ಟೆಲ್ಲ ಯೋಚನೆ ಯಾಕೆ ಅಂತ ನನ್ನ ಪ್ರಶ್ನೆ. ರಾಡಿಯಲ್ಲಿ ಓಡಿಸುವುದೂ ಒಂದು ಅಭ್ಯಾಸವೇ. ರೇಸಿನ ದಿನ ಮಳೆ ಬಂದರೆ ರೇಸ್ ನಿಲ್ಲಿಸುತ್ತಾರಾ? ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ದೇಶಮಟ್ಟದ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಅವರು ಬಿಸಿಲು, ಮಳೆ ಅಂತ ನೋಡಿದ್ದರೆ ಬೆಳೆಯುತ್ತಿದ್ದರಾ? ಚಕ್ಕಡಿ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡುತ್ತದೆ, ಸೈಕಲ್ ಎಷ್ಟರ ಮಟ್ಟಿಗೆ ಹಾಳು ಮಾಡುತ್ತದೆ?

ಎರೆ ಹೊಲದವ (ಡೋಣಿ ಸಾಲು)

ಅಭ್ಯಾಸ ಬೇಕು, ಒಪ್ಪುತ್ತೇನೆ. ಟ್ರ್ಯಾಕ್ಟರ್ ನಮ್ಮ ದಾರಿಯನ್ನು ಕೆಡಿಸುತ್ತದೆ ಅನ್ನುವುದೂ ನಿಜ. ಆದರೆ ತಮ್ಮಾ, ಹಸಿ ಎರೆಯಲ್ಲಿ ದಾರಿಯ ಮೇಲೆ ಹೋಗಲು ಆಗದೆ ನೀವು ಏನು ಮಾಡುತ್ತೀರಿ ಗೊತ್ತಾ? ಬದುವಿನ ಮೇಲೆ ಹತ್ತುತ್ತೀರಿ. ಬದುವಿನ ಮೇಲೆ ಹುಲ್ಲು ಇರುತ್ತದೆ, ಗಾಲಿಗೆ ಮೆತ್ತುವುದಿಲ್ಲ. ಹತ್ತು ಸೈಕಲ್ ಒಂದೇ ಸಾಲಿನಲ್ಲಿ ಹೋದರೆ ಬದುವಿನ ನೆತ್ತಿಯಲ್ಲಿ ಒಂದು ಗೀರು ಬೀಳುತ್ತದೆ. ಮುಂದಿನ ಮಳೆಯ ನೀರು ಆ ಗೀರಿನಲ್ಲೇ ಒಡೆದು ಹೊರಗೆ ಹೋಗುತ್ತದೆ. ಆ ನೀರಿನ ಜೊತೆ ನನ್ನ ಹೊಲದ ಮೇಲ್ಮಣ್ಣು ಹೋಗುತ್ತದೆ. ಈಗ ಬಿತ್ತನೆ ಹತ್ತಿರ ಬಂದಿದೆ. ಈ ತೇವವೇ ನಮಗೆ ಜೋಳ. ಒಡೆದ ಬದುವನ್ನು ಹಸಿ ಮಣ್ಣಿನಲ್ಲಿ ಕಟ್ಟಲೂ ಬರುವುದಿಲ್ಲ, ಆರುವವರೆಗೆ ಕಾಯಬೇಕು. ಅಷ್ಟರಲ್ಲಿ ಹಸ್ತ ಮಳೆ ಬಂದರೆ ಮುಗಿಯಿತು.

ಸೈಕಲ್ಲಿನವರು ನಮ್ಮ ದಾರಿಗೆ ಬರಬೇಡಿ ಅಂತ ನಾನು ಹೇಳುತ್ತಿಲ್ಲ. ಜೋಳ ಕೊಯ್ದ ಮೇಲೆ, ದಾರಿ ಸಿಮೆಂಟಿನ ಹಾಗೆ ಗಟ್ಟಿ ಇರುತ್ತದೆ, ಆಗ ಬನ್ನಿ. ಮಜ್ಜಿಗೆ ಕೊಡುತ್ತೇನೆ.

ಗೇರ್ ಏಳು (ವಿಜಯಪುರ)

ಬದುವಿನ ವಿಷಯ ಈ ರೀತಿ ಯಾರೂ ಹೇಳಿರಲಿಲ್ಲ ಕಾಕಾ. ಒಪ್ಪಿದೆ. ರಾಡಿ ಅಭ್ಯಾಸಕ್ಕೆ ಮಡ್ಡಿಯ ಕಡೆ ಹಳೆಯ ಗರಸಿನ ಗುಂಡಿಗಳಿವೆ, ಅಲ್ಲಿ ಸುತ್ತು ಹೊಡೆಯುತ್ತೇವೆ.

ಮಣ್ಣು ಓದಿದವಳು (ವಿಜಯಪುರ)

ಅದು ಒಳ್ಳೆಯ ಜಾಗ. ಗುಂಡಿಯಲ್ಲಿ ನೀರು ನಿಂತಿದ್ದರೆ ಆಳ ನೋಡದೆ ಇಳಿಯಬೇಡಿ, ಅಂಚು ಕುಸಿಯುತ್ತದೆ.

ಮೇಣಬಸದಿ ರೈಡರ್ (ಬಾದಾಮಿ)

ಹಾಗಾದರೆ ಭಾನುವಾರ ಬಾದಾಮಿ ಅಂತ ಗಟ್ಟಿ ಮಾಡೋಣವಾ? ನಾನು ಶನಿವಾರ ಸಂಜೆ ದಾರಿ ನೋಡಿಕೊಂಡು ಬಂದು ಇಲ್ಲೇ ಫೋಟೋ ಹಾಕುತ್ತೇನೆ. ನಡುವೆ ಒಂದು ಹಳ್ಳ ದಾಟಬೇಕು, ಅದರ ನೀರು ಎಷ್ಟಿದೆ ಅಂತಲೂ ಹೇಳುತ್ತೇನೆ. ಶನಿವಾರ ರಾತ್ರಿ ಮತ್ತೆ ಮಳೆ ಆದರೆ ಹಳ್ಳದ ಈಚೆಯ ಸುತ್ತು ಮಾತ್ರ.

ಗುಮ್ಮಟದೂರಿನ ಸವಾರ (ವಿಜಯಪುರ)

ಬಾದಾಮಿ ಗಟ್ಟಿ. ಬೆಳಿಗ್ಗೆ ಬೇಗ ಶುರು ಮಾಡೋಣ, ಉಸುಕು ಹಸಿ ಇರುವಾಗಲೇ ಅರ್ಧ ದಾರಿ ಮುಗಿಯಲಿ. ಬೆಳಗಾವಿಯಿಂದ ಬರುವವರಿಗೆ ದೂರ ಆಗುತ್ತದೆ, ಹಿಂದಿನ ದಿನ ರಾತ್ರಿ ಉಳಿಯಲು ಜಾಗ ಬೇಕಾದವರು ನಾಳೆಯೊಳಗೆ ಹೇಳಿ.

ಗಾಲಿ ಗ್ಯಾರೇಜ್ (ಜಮಖಂಡಿ)

ನಾನೂ ಬರುತ್ತೇನೆ. ಡಿರೈಲರ್ ಹ್ಯಾಂಗರ್, ಚೈನ್ ಲಿಂಕ್, ಬ್ರೇಕ್ ಪ್ಯಾಡ್ ತರುತ್ತೇನೆ. ಒದ್ದೆ ಉಸುಕು ಮೆತ್ತನೆಯ ರೆಸಿನ್ ಪ್ಯಾಡನ್ನು ಬೇಗ ತಿನ್ನುತ್ತದೆ, ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ತಾಳುತ್ತದೆ. ತೆಳುವಾಗಿದ್ದರೆ ಶನಿವಾರವೇ ಬದಲಿಸಿಕೊಳ್ಳಿ. ಯಾರ ಸೈಕಲ್ಲಿಗೆ ಯಾವ ಹ್ಯಾಂಗರ್ ಅಂತ ಫೋಟೋ ತೆಗೆದು ಇಲ್ಲಿ ಹಾಕಿ.